ಕಾಲಯಂತ್ರ ಏರಿದ ಜವಳಿ ಅಂಗಡಿ ಹುಡುಗ

ಮಕ್ಕಳೇ, ಸಾಹಸದ ಕಥೆಗಳೆಂದರೆ ನಿಮಗೆಲ್ಲ ಇಷ್ಟ ಅಲ್ಲವೇ? ಯಂತ್ರವೊಂದರ ಮೇಲೆ ಕುಳಿತು ಸನ್ನೆ ಒತ್ತಿದರೆ ಸಾಕು, ನಿಮ್ಮ ಮುತ್ತಜ್ಜನ ಕಾಲಕ್ಕೋ ನಿಮ್ಮ ಮರಿಮಕ್ಕಳ ಕಾಲಕ್ಕೋ ಹೋಗಿಬಿಡಬಹುದು ಎಂದು ಊಹಿಸಿಕೊಳ್ಳಿ. ಇಂಥ ಯಂತ್ರವನ್ನು ಕಥೆಯಲ್ಲಿ ಕಟ್ಟಿ ಜಗತ್ತಿಗೆಲ್ಲ ಪರಿಚಯಿಸಿದವರು ಇಂಗ್ಲೆಂಡಿನ ಎಚ್.ಜಿ. ವೆಲ್ಸ್. ಅವರು ವಿಜ್ಞಾನದ ಮೇಷ್ಟ್ರೂ ಆಗಿದ್ದರು. ಆದರೆ ಅವರ ಬಾಲ್ಯ ಸುಖದ್ದಾಗಿರಲಿಲ್ಲ.

ಮುರಿದ ಕಾಲು, ತೆರೆದ ಪುಸ್ತಕ

ಹರ್ಬರ್ಟ್ ಜಾರ್ಜ್ ವೆಲ್ಸ್ ಹುಟ್ಟಿದ್ದು 1866ರ ಸೆಪ್ಟೆಂಬರ್ 21ರಂದು, ಲಂಡನ್ ಸಮೀಪದ ಬ್ರಾಮ್ಲಿ ಎಂಬ ಊರಿನಲ್ಲಿ. ಮನೆಯಲ್ಲಿ ಎಲ್ಲರೂ ಅವನನ್ನು ಬರ್ಟಿ ಎಂದು ಕರೆಯುತ್ತಿದ್ದರು. ತಂದೆ ಜೋಸೆಫ್ ಪಿಂಗಾಣಿ ಪಾತ್ರೆ ಹಾಗೂ ಕ್ರಿಕೆಟ್ ಸಾಮಾನು ಮಾರುವ ಪುಟ್ಟ ಅಂಗಡಿ ಇಟ್ಟಿದ್ದರು. ಅವರು ಒಳ್ಳೆಯ ಬೌಲರ್ ಕೂಡ. 1862ರ ಒಂದು ಪಂದ್ಯದಲ್ಲಿ ಸತತ ನಾಲ್ಕು ಚೆಂಡುಗಳಿಗೆ ನಾಲ್ಕು ವಿಕೆಟ್ ಪಡೆದಿದ್ದರು! ತಾಯಿ ಸಾರಾ ಮದುವೆಗೆ ಮೊದಲು ಸಿರಿವಂತರ ಮನೆಯಲ್ಲಿ ಕೆಲಸಕ್ಕಿದ್ದವರು. ಅಂಗಡಿಯಲ್ಲಿ ವ್ಯಾಪಾರ ಅಷ್ಟಕ್ಕಷ್ಟೆ. ಅಡುಗೆಮನೆ ನೆಲಮಾಳಿಗೆಯಲ್ಲಿತ್ತು. ಅಲ್ಲಿಂದ ನೋಡಿದರೆ ಬೀದಿಯಲ್ಲಿ ಓಡಾಡುವವರ ಪಾದಗಳಷ್ಟೇ ಕಾಣುತ್ತಿದ್ದವು.

1874ರಲ್ಲಿ ಒಂದು ದಿನ ಮೈದಾನದಲ್ಲಿ ದೊಡ್ಡ ಹುಡುಗನೊಬ್ಬ ಆಟಕ್ಕೆಂದು ಬರ್ಟಿಯನ್ನು ಮೇಲಕ್ಕೆಸೆದ. ಹಿಡಿಯುವಾಗ ಕೈ ತಪ್ಪಿತು. ಬರ್ಟಿ ಡೇರೆಯ ಗೂಟದ ಮೇಲೆ ಬಿದ್ದು ಕಾಲಿನ ಮೂಳೆ ಮುರಿದುಕೊಂಡ. ವಾರಗಟ್ಟಲೆ ಹಾಸಿಗೆಯೇ ಗತಿಯಾಯಿತು. ತಂದೆ ಊರಿನ ಗ್ರಂಥಾಲಯದಿಂದ ಪುಸ್ತಕಗಳನ್ನು ತಂದುಕೊಟ್ಟರು. ಪ್ರಾಣಿಗಳು, ದೂರದ ದೇಶಗಳು, ಅಲ್ಲಿಯ ಜನರು ಎಲ್ಲರೂ ಹಾಸಿಗೆಯ ಬಳಿಗೇ ಬಂದಂತಾಯಿತು. ಕಾಲು ವಾಸಿಯಾದರೂ ಓದುವ ಹುಚ್ಚು ಬಿಡಲಿಲ್ಲ.

ಹದಿನೇಳು ಮೈಲಿ ನಡಿಗೆ

1877ರಲ್ಲಿ ತಂದೆಯೂ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಕ್ರಿಕೆಟ್‌ನಿಂದ ಬರುತ್ತಿದ್ದ ಹಣ ನಿಂತುಹೋಯಿತು. 1880ರಲ್ಲಿ ತಾಯಿ ಅಪ್‌ಪಾರ್ಕ್ ಎಂಬ ದೊಡ್ಡ ಬಂಗಲೆಗೆ ಮೇಲ್ವಿಚಾರಕಿಯಾಗಿ ಕೆಲಸಕ್ಕೆ ಸೇರಿದರು. ಬರ್ಟಿಯ ಶಾಲೆಗೂ ಕುತ್ತು ಬಂತು. ಅಣ್ಣಂದಿರಂತೆ ಅವನನ್ನೂ ಜವಳಿ ಅಂಗಡಿಗೆ ಕೆಲಸ ಕಲಿಯಲು ಹಾಕಿದರು. ದಿನಕ್ಕೆ ಹದಿಮೂರು ಗಂಟೆ ದುಡಿತ. ಬಟ್ಟೆಯ ಥಾನು ಬಿಚ್ಚುವುದು, ಸುತ್ತುವುದು, ಮತ್ತೆ ಬಿಚ್ಚುವುದು. ರಾತ್ರಿ ಉಳಿದ ಹುಡುಗರ ಜೊತೆ ಒಂದೇ ಕೋಣೆಯಲ್ಲಿ ನಿದ್ದೆ. ಓದಲು ಬಿಡುವೇ ಇಲ್ಲ.

ಎರಡು ವರ್ಷ ಹೇಗೋ ಸಹಿಸಿದ. 1883ರ ಒಂದು ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ ಹೊರಟು ಹದಿನೇಳು ಮೈಲಿ, ಅಂದರೆ ಸುಮಾರು 27 ಕಿಲೋಮೀಟರ್, ನಡೆದು ತಾಯಿಯ ಬಳಿಗೆ ಹೋದ. ಅಂಗಡಿ ಬೇಡ, ಓದಬೇಕು ಎಂದು ಬೇಡಿಕೊಂಡ. ಕೆಲಸ ಕಲಿಸಲು ಹಣ ಕಟ್ಟಿದ್ದ ತಾಯಿಗೆ ಇದು ಸಂಕಟದ ಮಾತು. ಆದರೂ ಕೊನೆಗೆ ಒಪ್ಪಿದರು. ಆ ನಡಿಗೆ ಅವನ ಬದುಕಿನ ದಾರಿಯನ್ನೇ ಬದಲಿಸಿತು.

ವಿದ್ಯಾರ್ಥಿ, ಮೇಷ್ಟ್ರು, ಲೇಖಕ

ಮಿಡ್‌ಹರ್ಸ್ಟ್ ಎಂಬ ಊರಿನ ಶಾಲೆಯ ಮುಖ್ಯೋಪಾಧ್ಯಾಯರು ಅವನನ್ನು ಸೇರಿಸಿಕೊಂಡರು. ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತ ತಾನೂ ಓದಬೇಕು, ಇದು ಒಪ್ಪಂದ. ಬರ್ಟಿ ವಿಜ್ಞಾನದ ಪರೀಕ್ಷೆಗಳನ್ನು ಒಂದರ ಮೇಲೊಂದು ಪಾಸು ಮಾಡಿದ. 1884ರಲ್ಲಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ವಿಜ್ಞಾನ ಕಾಲೇಜು ಸೇರಿದ. ಅಲ್ಲಿ ಜೀವಶಾಸ್ತ್ರ ಕಲಿಸಿದವರು ಥಾಮಸ್ ಹಕ್ಸ್‌ಲಿ. ಡಾರ್ವಿನ್ನರ ವಿಕಾಸವಾದವನ್ನು ಊರೂರಿಗೆ ಹೋಗಿ ವಿವರಿಸಿದ ದೊಡ್ಡ ವಿಜ್ಞಾನಿ ಅವರು.

ಆದರೆ 1887ರಲ್ಲಿ ವೆಲ್ಸ್ ಭೂವಿಜ್ಞಾನದ ಪರೀಕ್ಷೆಯಲ್ಲಿ ನಪಾಸಾದರು! ಪದವಿಯಿಲ್ಲದೆ ಕಾಲೇಜು ಬಿಡಬೇಕಾಯಿತು. ಶಾಲಾಮಾಸ್ತರರಾದರು. ಆಟದಲ್ಲಿ ಪೆಟ್ಟು ಬಿದ್ದು ಮೂತ್ರಪಿಂಡಕ್ಕೆ ಗಾಯವಾಯಿತು. ಛಲ ಬಿಡದೆ ಓದಿ 1890ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದರು. ಅವರು ಬರೆದ ಜೀವಶಾಸ್ತ್ರದ ಪಠ್ಯಪುಸ್ತಕ 1893ರಲ್ಲಿ ಹೊರಬಂತು. ಅದೇ ವರ್ಷ ಆರೋಗ್ಯ ತೀರಾ ಕೆಟ್ಟು ಪಾಠ ಹೇಳುವುದನ್ನು ನಿಲ್ಲಿಸಿದರು. ಅಂದಿನಿಂದ ಬರವಣಿಗೆಯೇ ಜೀವನವಾಯಿತು.

ಕಾಲದಲ್ಲಿ ಪ್ರಯಾಣ

ಕಾಲಪ್ರಯಾಣದ ಕಥೆಯನ್ನು ವೆಲ್ಸ್ ಮೊದಲು ಬರೆದದ್ದು 1888ರಲ್ಲಿ, ಕಾಲೇಜಿನ ಪತ್ರಿಕೆಗೆ. ಅದು ಅವರಿಗೆ ತೃಪ್ತಿ ಕೊಡಲಿಲ್ಲ. ತಿದ್ದಿದರು, ಮತ್ತೆ ಬರೆದರು. ‘ಕಾಲಯಂತ್ರ’ ಕಾದಂಬರಿ ಪುಸ್ತಕವಾಗಿ ಬಂದದ್ದು 1895ರಲ್ಲಿ.

ಇದರ ಹಿಂದಿನ ಯೋಚನೆ ಸರಳ. ಗೆಳೆಯನನ್ನು ಭೇಟಿಯಾಗಬೇಕಾದರೆ ಎಲ್ಲಿ ಎಂದು ಹೇಳಿದರೆ ಸಾಲದು, ಎಷ್ಟು ಗಂಟೆಗೆ ಎಂದೂ ಹೇಳಬೇಕು. ಉದ್ದ, ಅಗಲ, ಎತ್ತರಗಳ ಜೊತೆಗೆ ಕಾಲ ನಾಲ್ಕನೆಯ ಆಯಾಮ. ನಾವು ಮೈದಾನದಲ್ಲಿ ಹಿಂದೆ ಮುಂದೆ ಓಡಬಲ್ಲೆವು. ಹಾಗಾದರೆ ಕಾಲದಲ್ಲಿ ಏಕೆ ಆಗದು? ಈ ಪ್ರಶ್ನೆಯಿಂದಲೇ ಕಥೆ ಶುರುವಾಗುತ್ತದೆ.

ಕಥಾನಾಯಕ ಕ್ರಿ.ಶ. 8,02,701ನೇ ಇಸವಿಗೆ ಹೋಗುತ್ತಾನೆ. ಅಲ್ಲಿ ಮನುಷ್ಯಕುಲ ಎರಡಾಗಿ ಒಡೆದಿದೆ. ನೆಲದ ಮೇಲಿರುವ ಎಲೋಯ್‌ಗಳು ಕೆಲಸವನ್ನೇ ಮಾಡದೆ ಪುಟ್ಟ ಮಕ್ಕಳಂತಾಗಿದ್ದಾರೆ. ನೆಲದಡಿ ದುಡಿಯುವ ಮೊರ್ಲಾಕ್‌ಗಳು ಬೆಳಕನ್ನು ಸಹಿಸಲಾರರು. ಮುಂದೇನು ಎಂಬುದನ್ನು ನೀವೇ ಓದಿ ತಿಳಿಯಿರಿ. ವಿಕಾಸವಾದವನ್ನು ವೆಲ್ಸ್ ಕಲಿತದ್ದು ಹಕ್ಸ್‌ಲಿಯವರ ತರಗತಿಯಲ್ಲಿ. ನೆಲದಡಿಯ ಬದುಕನ್ನು ಕಂಡದ್ದು ಎಲ್ಲಿ? ಅವರ ಮನೆಯ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ತಾಯಿ ದುಡಿದ ಬಂಗಲೆಯಲ್ಲೂ ಕೆಲಸದವರು ಓಡಾಡಲು ನೆಲದಡಿ ಸುರಂಗಗಳಿದ್ದವು. ಕೆಲವರು ಮಾತ್ರ ದುಡಿದು, ಕೆಲವರು ಕೂತು ಉಂಡರೆ ಮುಂದೊಂದು ದಿನ ಏನಾದೀತು ಎಂಬ ಕಳವಳ ಈ ಕಥೆಯಲ್ಲಿದೆ.

ವೆಲ್ಸ್ ಹೇಳಿದ ಯಂತ್ರವನ್ನು ಇಂದಿಗೂ ಯಾರೂ ಮಾಡಿಲ್ಲ. ಆದರೆ ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದರು. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳು ಇದ್ದು ಬಂದವರ ವಯಸ್ಸು ನಮಗಿಂತ ಸುಮಾರು 0.005 ಸೆಕೆಂಡಿನಷ್ಟು ಕಡಿಮೆಯಾಗಿರುತ್ತದೆ. ಅಷ್ಟರಮಟ್ಟಿಗೆ ಅವರು ಭವಿಷ್ಯಕ್ಕೆ ಪ್ರಯಾಣ ಮಾಡಿದವರೇ!

ಓದಿ, ಪ್ರಶ್ನಿಸಿ

ವೆಲ್ಸ್ ಕಥೆಗಳಲ್ಲಿ ಮೊದಲು ‘ಅಗೋಚರ ಮನುಷ್ಯ’ (1897) ಓದಿ. ಬಜ್ಜಿ ಕಟ್ಟಿಕೊಟ್ಟ ಕಾಗದಕ್ಕೆ ಎಣ್ಣೆ ತಾಗಿದಲ್ಲಿ ಬೆಳಕು ತೂರಿ ಬರುವುದನ್ನು ನೋಡಿದ್ದೀರಲ್ಲ? ಎಣ್ಣೆ ಹಚ್ಚಿದ ಕಾಗದದ ಈ ಗುಣವನ್ನೇ ಹೇಳಿ ಕಥಾನಾಯಕ ತಾನು ಮಾಯವಾದ ಬಗೆಯನ್ನು ವಿವರಿಸುತ್ತಾನೆ. ಆದರೆ ಇಲ್ಲೊಂದು ತಪ್ಪಿದೆ. ಕಣ್ಣಿನೊಳಗಿನ ಪರದೆ ಬೆಳಕನ್ನು ಹೀರಿಕೊಂಡರೆ ಮಾತ್ರ ನಮಗೆ ಕಾಣುತ್ತದೆ. ಬೆಳಕೆಲ್ಲ ತೂರಿಹೋದರೆ ಅವನು ಕುರುಡನಾಗಬೇಕಿತ್ತು! ಹೀಗೆ ತಪ್ಪು ಹುಡುಕುವುದೂ ಒಂದು ಸಾಹಸವೇ.

ಅನಂತರ ಮಂಗಳ ಗ್ರಹದವರು ಭೂಮಿಗೆ ದಾಳಿಯಿಡುವ ‘ಲೋಕಗಳ ಯುದ್ಧ’ (1898) ಓದಿ. ಅಮೆರಿಕದ ರಾಬರ್ಟ್ ಗೊಡಾರ್ಡ್ ಹದಿನಾರರ ವಯಸ್ಸಿನಲ್ಲಿ ಇದನ್ನು ಓದಿ ಬಾಹ್ಯಾಕಾಶದ ಕನಸು ಕಂಡರು. 1926ರಲ್ಲಿ ದ್ರವ ಇಂಧನದ ಮೊದಲ ರಾಕೆಟ್ ಹಾರಿಸಿದವರು ಅವರೇ. ‘ಕಾಲಯಂತ್ರ’ವನ್ನು ಕೊನೆಗಿಟ್ಟುಕೊಳ್ಳಿ. ಅದು ಸ್ವಲ್ಪ ಬೆಳೆದ ಮನಸ್ಸು ಬೇಡುವ ಪುಸ್ತಕ. ಸಾಲುಸಾಲು ಸಾಹಸ ಬೇಕೆನ್ನುವವರು ಫ್ರಾನ್ಸಿನ ಜೂಲ್ಸ್ ವರ್ನ್ ಅವರ ಯಾತ್ರೆಯ ಕಾದಂಬರಿಗಳನ್ನೂ ಹುಡುಕಿ. ಅವರ ಎಂಬತ್ತು ದಿನಗಳ ಭೂಪ್ರದಕ್ಷಿಣೆಯ ಕಥೆ ನಮ್ಮ ದೇಶವನ್ನೂ ಹಾದುಹೋಗುತ್ತದೆ.

ವೆಲ್ಸ್ 1914ರ ಕಾದಂಬರಿಯೊಂದರಲ್ಲಿ ಪರಮಾಣು ಬಾಂಬನ್ನು ಕಲ್ಪಿಸಿ ಎಚ್ಚರಿಸಿದ್ದರು. 1945ರಲ್ಲಿ ಹಿರೋಶಿಮಾ ಸುಟ್ಟುಹೋದದ್ದನ್ನು ತಿಳಿಯುವವರೆಗೂ ಬದುಕಿದ್ದರು. 1946ರ ಆಗಸ್ಟ್ 13ರಂದು ತೀರಿಕೊಂಡರು.

ಗ್ರಂಥಾಲಯದಿಂದ ತಂದ ಕೆಲವು ಪುಸ್ತಕಗಳು ಬರ್ಟಿಯನ್ನು ಎಷ್ಟು ದೂರ ಕೊಂಡೊಯ್ದವು ನೋಡಿದಿರಾ? ನಿಮ್ಮ ಶಾಲೆಯ ಪುಸ್ತಕದ ಬೀರುವಿಗೆ ಬೀಗ ಬಿದ್ದಿದ್ದರೆ ನಾಳೆಯೇ ನಿಮ್ಮ ಗುರುಗಳನ್ನು ಕೇಳಿ ತೆಗೆಸಿ. ಒಂದು ಪುಸ್ತಕ ಆರಿಸಿಕೊಳ್ಳಿ. ಓದಿ ಮುಗಿಸಿದ ಮೇಲೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಇದರಲ್ಲಿ ನಿಜವಾದ ವಿಜ್ಞಾನ ಯಾವುದು? ಕಲ್ಪನೆ ಯಾವುದು? ನಾನಾಗಿದ್ದರೆ ಕಥೆಯನ್ನು ಎಲ್ಲಿಗೆ ಒಯ್ಯುತ್ತಿದ್ದೆ?