ಮಾನ್ವಿಯ ಶ್ರೀ ಜಗನ್ನಾಥದಾಸರು

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಭಾಗಕ್ಕೆ ಎಡೆದೊರೆನಾಡು ಎಂಬುದು ಪ್ರಾಚೀನವಾದ ಹೆಸರು. ಜೋಳ ಬೆಳೆಯುವ ಈ ಎರೆನೆಲದಲ್ಲಿ ಮಳೆಗೆ ಬರವುಂಟಾದರೂ ಅನುಭಾವಕ್ಕೆ ಬರವುಂಟಾಗಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಾಯಕಕ್ಕೆ ಕಳೆಯೇರಿಸಿದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಲಿಂಗಸುಗೂರು ಭಾಗದ ಅಮರೇಶ್ವರದವರು. ಅವರಿಂದ ಆರು ಶತಮಾನಗಳ ತರುವಾಯ ಇದೇ ನಾಡಿನಲ್ಲಿ ಹರಿದಾಸ ಸಾಹಿತ್ಯವು ಮತ್ತೊಮ್ಮೆ ತುಂಬಿ ಹರಿಯಿತು. ಕುರ್ಡಿ ಗ್ರಾಮವನ್ನೊಳಗೊಂಡ ಮಾನ್ವಿ ಸೀಮೆಯು ಅದರ ಒಂದು ಮುಖ್ಯ ನೆಲೆಯಾಯಿತು. ಆ ಪರಂಪರೆಯಲ್ಲಿ ಶಾಸ್ತ್ರದ ಭಾರವನ್ನು ಕನ್ನಡದ ಹೆಗಲಿಗೇರಿಸಿ, ಆ ಹೆಗಲು ಬಾಗದೆಂಬುದನ್ನು ತೋರಿಸಿಕೊಟ್ಟ ಮಹನೀಯರು ಶ್ರೀ ಜಗನ್ನಾಥದಾಸರು.

ಇವರು 1728ರಲ್ಲಿ ಮಾನ್ವಿ ಸೀಮೆಯ ಬ್ಯಾಗವಾಟ ಗ್ರಾಮದಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಶ್ರೀನಿವಾಸ. ಬಾಲ್ಯದಿಂದಲೇ ಬುದ್ಧಿ ಚುರುಕಾಗಿದ್ದ ಈ ಬಾಲಕನು ಮಂತ್ರಾಲಯದ ಗುರುಪರಂಪರೆಯ ಶ್ರೀ ವರದೇಂದ್ರತೀರ್ಥರ ಸನ್ನಿಧಿಯಲ್ಲಿ ವ್ಯಾಕರಣ, ನ್ಯಾಯ, ವೇದಾಂತಗಳನ್ನು ಅಭ್ಯಾಸ ಮಾಡಿ, ಶ್ರೀನಿವಾಸಾಚಾರ್ಯರೆಂಬ ಪ್ರಖ್ಯಾತಿಯನ್ನು ಪಡೆದನು. ಮಾನ್ವಿಯಲ್ಲಿ ನೆಲೆಸಿ ಶಿಷ್ಯರಿಗೆ ಪಾಠ ಹೇಳುತ್ತಿದ್ದ ಆಚಾರ್ಯರಿಗೆ ವಾದದಲ್ಲಿ ಇದಿರಾಗುವವರು ವಿರಳರಾಗಿದ್ದರು.

ವಿದ್ಯೆಯು ವಿನಯವನ್ನು ಕೊಡಬೇಕು. ಆದರೆ ಎಲ್ಲ ಕಾಲದಲ್ಲಿಯೂ ಕೊಡುವುದಿಲ್ಲ. ಮಾಧ್ವ ಸಂಪ್ರದಾಯದಲ್ಲಿ ಸಂಸ್ಕೃತ ಗ್ರಂಥಗಳಲ್ಲಿ ನಿರತರಾದವರನ್ನು ವ್ಯಾಸಕೂಟದವರೆಂದೂ, ಕನ್ನಡದಲ್ಲಿ ಹಾಡುತ್ತ ಊರೂರು ತಿರುಗುವವರನ್ನು ದಾಸಕೂಟದವರೆಂದೂ ಕರೆಯುವುದು ರೂಢಿ. ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಬೀದಿಯಲ್ಲಿ ಹಾಡುವವರಲ್ಲಿ ಶಾಸ್ತ್ರವೆಲ್ಲಿಯದು ಎಂಬ ಭಾವನೆಯು ಶ್ರೀನಿವಾಸಾಚಾರ್ಯರಲ್ಲಿ ಬೇರೂರಿತ್ತೆಂದು ಹೇಳುವರು.

ಆ ಕಾಲದ ದಾಸಶ್ರೇಷ್ಠರಾದ ಶ್ರೀ ವಿಜಯದಾಸರು (1682–1755) ಮಾನ್ವಿ ಸೀಮೆಯ ಚೀಕಲಪರವಿಯವರು. ಬಡತನದಲ್ಲಿ ಬೆಂದು, ಭಕ್ತಿಯಲ್ಲಿ ಬೆಳೆದವರು. ಅವರು ಮಾನ್ವಿಗೆ ಬಂದಾಗ ಶ್ರೀನಿವಾಸಾಚಾರ್ಯರನ್ನು ಪ್ರಸಾದಕ್ಕೆ ಆಹ್ವಾನಿಸಿದರೆಂದೂ, ಹೊತ್ತು ಮೀರಿ ಉಂಡರೆ ಹೊಟ್ಟೆನೋವು ಬರುವುದೆಂಬ ನೆಪವೊಡ್ಡಿ ಆಚಾರ್ಯರು ಆ ಪಂಕ್ತಿಗೆ ಬರಲೊಪ್ಪಲಿಲ್ಲವೆಂದೂ ಸಂಪ್ರದಾಯದಲ್ಲಿ ಹೇಳಿಕೆಯುಂಟು. ನೆಪಕ್ಕೆ ಹೇಳಿದ ನೋವು ನಿಜವಾಗಿಯೇ ಬಂದಿತು. ಔಷಧಿಗಳು ನಾಟಲಿಲ್ಲ. ದೇಹವು ದಿನೇ ದಿನೇ ಕೃಶವಾಯಿತು. ಪಾಂಡಿತ್ಯಕ್ಕೆ ತನ್ನ ಒಡೆಯನ ಹೊಟ್ಟೆಯ ಉರಿಯನ್ನು ತಣಿಸುವ ಶಕ್ತಿಯಿರಲಿಲ್ಲ.

ಕಡೆಗೆ ಆಚಾರ್ಯರು ವಿಜಯದಾಸರಿಗೇ ಶರಣಾದರು. ವಿಜಯದಾಸರು ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ಅವರನ್ನು ತಮ್ಮ ಶಿಷ್ಯರಾದ ಶ್ರೀ ಗೋಪಾಲದಾಸರ ಬಳಿಗೆ ಕಳುಹಿಸಿದರು. ದೇವದುರ್ಗ ಭಾಗದ ಮೊಸರಕಲ್ಲಿನಲ್ಲಿ ಹುಟ್ಟಿ, ಉತ್ತನೂರಿನಲ್ಲಿ ನೆಲೆಸಿದ್ದ ಗೋಪಾಲದಾಸರು ಶಾಸ್ತ್ರಸಭೆಗಳಲ್ಲಿ ಮೆರೆದವರಲ್ಲ. ಅವರು ಧನ್ವಂತರಿಯನ್ನು ಪ್ರಾರ್ಥಿಸಿ ಜೋಳದ ರೊಟ್ಟಿಯನ್ನು ಕೊಟ್ಟು ರೋಗವನ್ನು ಪರಿಹರಿಸಿದರೆಂದೂ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದೂ ಭಕ್ತರು ನಂಬುತ್ತ ಬಂದಿದ್ದಾರೆ. ಈ ಕಥೆಯನ್ನು ಪವಾಡವೆಂದೇ ತಿಳಿಯಲಿ, ಸಂಕೇತವೆಂದೇ ತಿಳಿಯಲಿ, ಅದರ ತಿರುಳು ಒಂದೇ. ಪಂಕ್ತಿಯ ಅನ್ನವನ್ನು ಒಲ್ಲೆನೆಂದ ಪಂಡಿತನು ಬಡವರ ನಿತ್ಯದ ಆಹಾರವಾದ ಜೋಳದ ರೊಟ್ಟಿಯಿಂದ ಬದುಕಿದನು.

ತರುವಾಯ ಅವರು ಪಂಢರಾಪುರಕ್ಕೆ ತೆರಳಿದರು. ಅಲ್ಲಿ ಜಗನ್ನಾಥವಿಠಲ ಎಂಬ ಅಂಕಿತವು ದೊರೆಯಿತು. ಶ್ರೀನಿವಾಸಾಚಾರ್ಯರೆಂಬ ಹೆಸರು ಹಿಂದೆ ಸರಿದು, ಜಗನ್ನಾಥದಾಸರೆಂಬ ಹೆಸರು ನಿಂತಿತು. ಆಚಾರ್ಯ ಪದವಿಯಿಂದ ದಾಸ ಪದವಿಗೆ ಬಂದುದು ಲೋಕದ ಕಣ್ಣಿಗೆ ಇಳಿತವಾಗಿ ಕಂಡಿರಬಹುದು. ಅವರ ಬಾಳಿನಲ್ಲಿ ಅದೇ ಏರಿಕೆಯಾಯಿತು.

ಮಾನ್ವಿಗೆ ಮರಳಿದ ದಾಸರು ಕಲಿತ ಶಾಸ್ತ್ರವನ್ನು ತೊರೆಯಲಿಲ್ಲ, ಅದರ ಬಾಗಿಲನ್ನು ತೆರೆದರು. ಕೀರ್ತನೆ ಉಗಾಭೋಗಗಳಲ್ಲದೆ ಅವರು ರಚಿಸಿದ ಎರಡು ಕೃತಿಗಳು ಇದಕ್ಕೆ ಸಾಕ್ಷಿಯಾಗಿವೆ. ಮೊದಲನೆಯದು ಹರಿಕಥಾಮೃತಸಾರ. ಮೂವತ್ತೆರಡು ಸಂಧಿಗಳ ಈ ಗ್ರಂಥವು ದ್ವೈತವೇದಾಂತದ ಸಮಗ್ರ ಪ್ರಮೇಯಗಳನ್ನು ಭಾಮಿನೀ ಷಟ್ಪದಿಯಲ್ಲಿ ನಿರೂಪಿಸುತ್ತದೆ. ಕರುಣಾಸಂಧಿಯಲ್ಲಿ ಭಗವಂತನ ದಯೆ, ವ್ಯಾಪ್ತಿಸಂಧಿಯಲ್ಲಿ ಆತನ ಸರ್ವವ್ಯಾಪಕತ್ವ, ಭೋಜನಸಂಧಿಯಲ್ಲಿ ಉಣ್ಣುವ ತುತ್ತಿನಲ್ಲಿಯೂ ದೈವವನ್ನು ಕಾಣುವ ಬಗೆ ನಿರೂಪಿತವಾಗಿವೆ. ಪಂಕ್ತಿಯೊಂದನ್ನು ನಿರಾಕರಿಸಿ ನೊಂದವರೇ ಭೋಜನವನ್ನು ಪೂಜೆಯಾಗಿ ಕಂಡುದು ಮನನೀಯವಾದ ವಿಷಯ. ಎರಡನೆಯದು ತತ್ತ್ವಸುವ್ವಾಲಿ. ಕುಟ್ಟುವಾಗ ಹೆಣ್ಣುಮಕ್ಕಳು ಹಾಡುವ ಸುವ್ವಿಯ ಹಾಡಿನ ಧಾಟಿಯನ್ನು ಹಿಡಿದು, ತ್ರಿಪದಿಯಲ್ಲಿ ತತ್ತ್ವವನ್ನು ತುಂಬಿದ ಕೃತಿಯಿದು. ಪಾಠಶಾಲೆಯ ಹೊಸ್ತಿಲನ್ನು ತುಳಿಯದ ತಾಯಂದಿರ ನಾಲಗೆಯ ಮೇಲೆ ವೇದಾಂತವು ಹೀಗೆ ನಲಿದಾಡಿತು.

ಹರಿಕಥಾಮೃತಸಾರದ ಘನತೆಯನ್ನು ತಿಳಿಯಲು ಒಂದು ಸಂಗತಿ ಸಾಕು. ಸಂಕರ್ಷಣ ಒಡೆಯರೆಂಬ ವಿದ್ವಾಂಸರು ಇದಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನವನ್ನು ಬರೆದರು. ಸಂಸ್ಕೃತ ಗ್ರಂಥಗಳಿಗೆ ಕನ್ನಡ ಟೀಕೆ ಬರೆಯುವುದು ವಾಡಿಕೆ. ಇಲ್ಲಿಯಾದರೋ ಸಂಸ್ಕೃತವೇ ಕನ್ನಡದ ಬಳಿಗೆ ಅರ್ಥ ಹೇಳಲು ಬಂದಿತು.

ಈ ಕಾರ್ಯಕ್ಕೆ ಕನ್ನಡದ ನೆಲವನ್ನು ಹದಗೊಳಿಸಿದವರು ಹಲವರು. ಪರತತ್ತ್ವವನ್ನು ತಾಯಿನುಡಿಯಲ್ಲಿ ಹೇಳಬಹುದೆಂಬ ಧೈರ್ಯವನ್ನು ನಾಡಿಗೆ ಕೊಟ್ಟವರು ಬಸವಾದಿ ಶಿವಶರಣರು. ಷಟ್ಪದಿಗೆ ಕಾವ್ಯಪೀಠವನ್ನು ಕಟ್ಟಿದವನು ವೀರಶೈವ ಕವಿ ರಾಘವಾಂಕ. ಭೀಮಕವಿಯ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆ, ಕುಮಾರವ್ಯಾಸನ ಭಾರತ, ಜಗನ್ನಾಥದಾಸರ ಹರಿಕಥಾಮೃತಸಾರ, ಈ ನಾಲ್ಕೂ ನಡೆದುದು ಭಾಮಿನಿಯ ಒಂದೇ ನಡಿಗೆಯಲ್ಲಿ. ಸಿದ್ಧಾಂತದಲ್ಲಿ ಭೇದವುಂಟು. ಶರಣರು ಸಮಾನತೆಯನ್ನು ಸಾರಿದರು. ದಾಸರು ತಮ್ಮ ಮತದಂತೆ ತಾರತಮ್ಯವನ್ನು ಪ್ರತಿಪಾದಿಸಿದರು. ಈ ಭೇದವನ್ನು ಮರೆಮಾಚಬೇಕಾಗಿಲ್ಲ. ಕೇರಿಗಳು ಬೇರೆಯಾದರೂ ನೀರು ಸೇದುವ ಬಾವಿ ಒಂದೇ ಆಗಿದ್ದಿತೆಂಬುದನ್ನು ಮರೆಯಲೂ ಬಾರದು.

ದಾಸರ ಶಿಷ್ಯಸಂಪತ್ತೂ ದೊಡ್ಡದು. ಲಿಂಗಸುಗೂರಿನ ಪ್ರಾಣೇಶದಾಸರು, ಶ್ರೀದವಿಠಲ ಅಂಕಿತದ ಕರ್ಜಗಿ ದಾಸಪ್ಪನವರು ಅವರಲ್ಲಿ ಪ್ರಮುಖರು. ಹರಿಕಥಾಮೃತಸಾರಕ್ಕೆ ಫಲಸ್ತುತಿಯನ್ನು ರಚಿಸಿ ಸೇರಿಸಿದವರು ಶ್ರೀದವಿಠಲರು. ಜಗನ್ನಾಥದಾಸರು 1809ರಲ್ಲಿ ಮಾನ್ವಿಯಲ್ಲಿಯೇ ದೇಹವನ್ನು ಬಿಟ್ಟರು. ಅವರು ಒರಗಿ ಕುಳಿತುಕೊಳ್ಳುತ್ತಿದ್ದ ಮನೆಯ ಕಂಬದಲ್ಲಿ ಅವರ ಸನ್ನಿಧಾನವುಂಟೆಂಬುದು ಭಕ್ತರ ಶ್ರದ್ಧೆ.

ಅವರ ಕಾಲಾನಂತರ ಈ ಸೀಮೆಯು ಹೈದರಾಬಾದು ಸಂಸ್ಥಾನದ ಆಡಳಿತದಲ್ಲಿ 1948ರವರೆಗೂ ಉಳಿಯಿತು. ಕಚೇರಿಯ ಭಾಷೆ ಉರ್ದುವಾಗಿ, ಕನ್ನಡ ಶಾಲೆಗಳು ವಿರಳವಾಗಿದ್ದ ಆ ದಿನಗಳಲ್ಲಿ, ಮಠದ ಜಗುಲಿಯ ವಚನ ಪುರಾಣಗಳೂ ಮನೆಯಂಗಳದ ದಾಸರ ಹಾಡುಗಳೂ ಕನ್ನಡವನ್ನು ಕಾಪಾಡಿದವು. ಅಕ್ಷರ ಬಾರದವರೂ ಷಟ್ಪದಿಗಳನ್ನು ಕಂಠಸ್ಥವಾಗಿಟ್ಟುಕೊಂಡು ಮಕ್ಕಳಿಗೆ ಒಪ್ಪಿಸಿದರು.

ವಿದ್ಯಾದಾನವನ್ನು ವ್ರತವಾಗಿ ಕೈಕೊಂಡವರಿಗೆ ಈ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯೂ ಒಂದು ಭರವಸೆಯೂ ಇವೆ. ಕಲಿತವನು ಕಲಿಯದವರ ಪಂಕ್ತಿಯಿಂದ ದೂರ ಸರಿದರೆ ಆ ವಿದ್ಯೆಯು ಅವನಿಗೇ ಜೀರ್ಣವಾಗದು ಎಂಬುದು ಎಚ್ಚರಿಕೆ. ಅದೇ ಪಂಕ್ತಿಯಲ್ಲಿ ಕುಳಿತು ತಾಯಿನುಡಿಯಲ್ಲಿ ಬಡಿಸಿದರೆ ಅದು ಮುನ್ನೂರು ವರ್ಷಗಳಾದರೂ ಹಳಸದು ಎಂಬುದು ಭರವಸೆ. ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಮುಗಿದ ಒಂದು ಬಾಳು ಇದನ್ನು ತಾನೇ ಉಂಡು ತೋರಿಸಿತು.