ಆಸ್ಪತ್ರೆಯ ರಬ್ಬರ್ ಶೀಟಿಗೆ ‘ಮ್ಯಾಕಿಂಟಾಶ್’ ಅನ್ನುವುದೇಕೆ? ಮೂತ್ರ ಸೋರಿಕೆಯ ಒಳಉಡುಪು ಕೊಳ್ಳುವ ಮುನ್ನ ಈ ಕತೆ ಓದಿ

ಆಸ್ಪತ್ರೆಯ ವಾರ್ಡಿನಲ್ಲಿ ನೀವು ನೋಡಿರುತ್ತೀರಿ. ಹಾಸಿಗೆಯ ಮೇಲೆ ಒಂದು ರಬ್ಬರ್ ಶೀಟು, ಅದರ ಮೇಲೆ ಅಡ್ಡಲಾಗಿ ಒಂದು ಬಟ್ಟೆ. ನರ್ಸ್‌ಗಳು ಆ ಶೀಟಿಗೆ ಮ್ಯಾಕಿಂಟಾಶ್ ಅನ್ನುತ್ತಾರೆ. ಅದು ವಸ್ತುವಿನ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು.

ಇವತ್ತು ಮೆಡಿಕಲ್ ಶಾಪಿನಲ್ಲೂ ಆನ್‌ಲೈನ್‌ನಲ್ಲೂ ದೊಡ್ಡವರಿಗೆಂದು ಸಿಗುವ, ತೊಳೆದು ಮತ್ತೆ ಮತ್ತೆ ಬಳಸುವ ಸೋರಿಕೆಯ ಒಳಉಡುಪಿಗೂ ಈತನ ಬದುಕಿಗೂ ನೇರ ನಂಟಿದೆ. ಈತನ ಕತೆ ಗೊತ್ತಾದರೆ ಎಂಥದ್ದನ್ನು ಕೊಳ್ಳಬೇಕು, ಅದನ್ನು ಹೇಗೆ ಒಗೆಯಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಒಗೆಯುವ ಬಗ್ಗೆ ಹರಿದಾಡುವ ಒಂದು ಸಲಹೆ ಯಾಕೆ ಅಪಾಯ ಎಂಬುದೂ ಅರ್ಥವಾಗುತ್ತದೆ.

ಮೂತ್ರದಿಂದ ಬಣ್ಣ ತೆಗೆಯುತ್ತಿದ್ದ ಕಾರ್ಖಾನೆ

ಚಾರ್ಲ್ಸ್ ಮ್ಯಾಕಿಂಟಾಶ್ ಹುಟ್ಟಿದ್ದು 1766ರ ಡಿಸೆಂಬರ್ 29ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ನಮ್ಮ ದೊಡ್ಡಬಳ್ಳಾಪುರದ ಹಾಗೆ ಅದೂ ಮಗ್ಗದ, ಬಣ್ಣದ ಕೆಲಸ ಬಲ್ಲ ಊರು. ತಂದೆ ಜಾರ್ಜ್ ಅಲ್ಲಿ ಬಟ್ಟೆಗೆ ಹಾಕುವ ನೇರಳೆ ಕೆಂಪು ಬಣ್ಣ ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದರು.

ಆ ಬಣ್ಣ ಬರುತ್ತಿದ್ದದ್ದು ಕಲ್ಲುಹೂವಿನಿಂದ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟ ಎನ್ನಬಹುದು. ಬಣ್ಣ ಬಿಡಿಸಲು ಅಮೋನಿಯಾ ಬೇಕಿತ್ತು. ಆ ಕಾಲದಲ್ಲಿ ಅಮೋನಿಯಾ ಸುಲಭವಾಗಿ ಸಿಗುತ್ತಿದ್ದದ್ದು ಹಳಸಿದ ಮೂತ್ರದಲ್ಲಿ. ಹಾಗಾಗಿ ಊರಿನ ಮನೆಗಳಿಂದ ಮೂತ್ರ ಸಂಗ್ರಹಿಸಿ ಕಾರ್ಖಾನೆಗೆ ತರುತ್ತಿದ್ದರು. ಬಣ್ಣದ ಗುಟ್ಟು ಹೊರಗೆ ಹೋಗದಂತೆ ಕಾರ್ಖಾನೆಯ ಸುತ್ತ ಎತ್ತರದ ಗೋಡೆ ಕಟ್ಟಿದ್ದರು.

ಮಗ ಚಾರ್ಲ್ಸ್‌ನನ್ನು ಮೊದಲು ಲೆಕ್ಕ ಬರೆಯುವ ಗುಮಾಸ್ತನ ಕೆಲಸಕ್ಕೆ ಸೇರಿಸಿದರು. ಆದರೆ ಆತನ ಮನಸ್ಸೆಲ್ಲ ರಸಾಯನಶಾಸ್ತ್ರದಲ್ಲಿತ್ತು. ಬಿಡುವು ಸಿಕ್ಕಾಗ ಹೋಗಿ ಪಾಠ ಕೇಳುತ್ತಿದ್ದ. ಇಪ್ಪತ್ತು ತುಂಬುವ ಮೊದಲೇ ಗುಮಾಸ್ತಗಿರಿ ಬಿಟ್ಟು ರಾಸಾಯನಿಕ ತಯಾರಿಕೆಗೆ ಇಳಿದ. 1797ರಲ್ಲಿ ಹರ್ಲೆಟ್ ಎಂಬಲ್ಲಿ ಸ್ಕಾಟ್ಲೆಂಡಿನ ಮೊದಲ ಪಟಿಕದ ಕಾರ್ಖಾನೆ ತೆರೆದ. ಬಟ್ಟೆಗೆ ಬಣ್ಣ ಗಟ್ಟಿಯಾಗಿ ಹಿಡಿಯಲು ಪಟಿಕ ಬೇಕೇ ಬೇಕಿತ್ತು.

ಬ್ಲೀಚಿಂಗ್ ಪುಡಿಯಲ್ಲೂ ಈತನ ಕೈ

ಮುಂದೆ ಚಾರ್ಲ್ಸ್ ಟೆನೆಂಟ್ ಎಂಬುವರ ಜೊತೆ ಪಾಲುದಾರನಾದ. ಅರಳಿಸಿದ ಸುಣ್ಣಕ್ಕೆ ಕ್ಲೋರಿನ್ ಅನಿಲ ಹಾಯಿಸಿದರೆ ಬಟ್ಟೆ ಬಿಳುಪು ಮಾಡುವ ಒಣ ಪುಡಿ ಸಿಗುತ್ತದೆ. 1799ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿದ್ದು ಟೆನೆಂಟ್ ಹೆಸರಿನಲ್ಲಿ. ಆದರೆ ಅದರ ಹಿಂದಿನ ಕೆಲಸದಲ್ಲಿ ಮ್ಯಾಕಿಂಟಾಶ್ ಪಾಲೂ ಇತ್ತು. ನಮ್ಮ ಪಂಚಾಯಿತಿಯವರು ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿ ಇದೇ.

ಡಾಂಬರಿನಿಂದ ಸೋರದ ಬಟ್ಟೆ

ಅಷ್ಟರಲ್ಲಿ ಗ್ಲಾಸ್ಗೋಗೆ ಗ್ಯಾಸ್ ದೀಪ ಬಂತು. ಕಲ್ಲಿದ್ದಲಿನಿಂದ ಗ್ಯಾಸ್ ತೆಗೆದ ಮೇಲೆ ಡಾಂಬರು ಮತ್ತು ಅಮೋನಿಯಾ ಬೆರೆತ ಕೊಳೆನೀರು ಉಳಿಯುತ್ತಿತ್ತು. 1819ರಲ್ಲಿ ಮ್ಯಾಕಿಂಟಾಶ್ ಈ ಕಸವನ್ನೆಲ್ಲ ತಾನೇ ಕೊಳ್ಳುವುದಾಗಿ ಗ್ಯಾಸ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಬಣ್ಣದ ಕಾರ್ಖಾನೆಗೆ ಅಮೋನಿಯಾ ಸಿಕ್ಕಿತು. ಇನ್ನು ಮೂತ್ರವನ್ನೇ ನೆಚ್ಚಿಕೊಳ್ಳಬೇಕಾಗಿರಲಿಲ್ಲ.

ಡಾಂಬರನ್ನು ಕಾಯಿಸಿ ಇಳಿಸಿದಾಗ ನಾಫ್ತಾ ಎಂಬ ಎಣ್ಣೆಯಂಥ ದ್ರವವೂ ಬಂತು. ಅದರಲ್ಲಿ ರಬ್ಬರ್ ಕರಗುತ್ತದೆ ಎಂಬುದನ್ನು ಜೇಮ್ಸ್ ಸೈಮ್ ಎಂಬ ವೈದ್ಯ ವಿದ್ಯಾರ್ಥಿ 1818ರಲ್ಲೇ ಕಂಡುಕೊಂಡಿದ್ದ. ಆದರೆ ಆತ ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಮುಂದೆ ಹೆಸರಾಂತ ಶಸ್ತ್ರಚಿಕಿತ್ಸಕನಾದ.

ಮ್ಯಾಕಿಂಟಾಶ್ ಒಂದು ಹೆಜ್ಜೆ ಮುಂದೆ ಹೋದ. ಕರಗಿದ ರಬ್ಬರನ್ನು ಬಟ್ಟೆಯ ಮೇಲೆ ಬರೀ ಬಳಿದರೆ ಅದು ಅಂಟು ಅಂಟಾಗಿ ಮುಟ್ಟಲು ಆಗುತ್ತಿರಲಿಲ್ಲ. ಅದನ್ನು ಎರಡು ಬಟ್ಟೆಗಳ ನಡುವೆ ಬಳಿದು ಒತ್ತಿಬಿಟ್ಟ. ಹೊರಗೆ ಬಟ್ಟೆ, ಒಳಗೆ ಬಟ್ಟೆ, ನಡುವೆ ನೀರು ಬಿಡದ ಪದರ. 1823ರಲ್ಲಿ ಪೇಟೆಂಟ್ ಸಿಕ್ಕಾಗ ಆತನ ವಯಸ್ಸು 56. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿತು.

ಸೂಜಿ ಮಾಡಿದ ತೂತು

ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆ ಶುರುವಾಯಿತು, ಮಳೆಕೋಟುಗಳು ಬಂದವು, ಜೊತೆಗೆ ದೂರುಗಳೂ ಬಂದವು. ಚಳಿಗೆ ಕೋಟು ಮರದ ಹಲಗೆಯಂತೆ ಬಿರುಸಾಗುತ್ತಿತ್ತು. ಬಿಸಿಲಿಗೆ ಅಂಟುತ್ತಿತ್ತು. ವಾಸನೆ ಬೇರೆ. ಎಲ್ಲಕ್ಕಿಂತ ವಿಚಿತ್ರವೆಂದರೆ ಬಟ್ಟೆ ಸೋರದಿದ್ದರೂ ಕೋಟು ಸೋರುತ್ತಿತ್ತು. ಕಾರಣ ದರ್ಜಿಗಳ ಸೂಜಿ. ಹೊಲಿಗೆ ಬಿದ್ದ ಕಡೆಯೆಲ್ಲ ರಬ್ಬರ್ ಪದರದಲ್ಲಿ ಸಣ್ಣ ತೂತು.

ಥಾಮಸ್ ಹ್ಯಾನ್ಕಾಕ್ ಎಂಬ ರಬ್ಬರ್ ತಜ್ಞ ಕಂಪನಿಯ ಜೊತೆ ಸೇರಿ ಬಟ್ಟೆಯನ್ನು ಸುಧಾರಿಸಿದ. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರ್ ಬಿಸಿಲಿಗೂ ಚಳಿಗೂ ಕೆಡುವುದಿಲ್ಲ ಎಂಬ ವಿಧಾನಕ್ಕೆ ಆತ ಬ್ರಿಟನ್ನಿನಲ್ಲಿ ಪೇಟೆಂಟ್ ಕೇಳಿದ್ದು 1843ರ ನವೆಂಬರಿನಲ್ಲಿ. ಅದನ್ನು ನೋಡಲು ಮ್ಯಾಕಿಂಟಾಶ್ ಇರಲಿಲ್ಲ. ಅದೇ ವರ್ಷ ಜುಲೈ 25ರಂದು, 76ನೇ ವಯಸ್ಸಿನಲ್ಲಿ, ಗ್ಲಾಸ್ಗೋ ಬಳಿಯ ತನ್ನ ಮನೆಯಲ್ಲಿ ತೀರಿಕೊಂಡಿದ್ದ. ಆದರೆ ಹೆಸರು ಉಳಿಯಿತು. ಮಳೆಕೋಟಿಗೂ ಅದೇ ಹೆಸರು, ರೋಗಿಯ ಹಾಸಿಗೆಯ ಶೀಟಿಗೂ ಅದೇ ಹೆಸರು.

ಆ ಕತೆ, ಇವತ್ತಿನ ಒಳಉಡುಪು

ತೊಳೆದು ಬಳಸುವ ಒಳಉಡುಪಿನಲ್ಲಿ ಸಾಮಾನ್ಯವಾಗಿ ಮೂರು ಪದರ ಇರುತ್ತವೆ. ಚರ್ಮಕ್ಕೆ ತಾಗುವ, ಬೇಗ ಒಣಗುವ ಪದರ. ನಡುವೆ ಹತ್ತಿ, ಬಿದಿರು ನಾರು ಅಥವಾ ಮೈಕ್ರೋಫೈಬರ್‌ನ ಹೀರುವ ಪದರ. ಹೊರಗೆ ನೀರು ಬಿಡದ ಪದರ. ಈಗ ರಬ್ಬರಿನ ಬದಲು ಬಟ್ಟೆಗೆ ಅಂಟಿಸಿದ ತೆಳ್ಳನೆಯ ಪಾಲಿಯುರೆಥೇನ್ ಇರುತ್ತದೆ. ಕೊಳ್ಳುವಾಗ ಇವನ್ನು ಗಮನಿಸಿ:

• ಹೊಲಿಗೆ ನೋಡಿ. ಒದ್ದೆಯಾಗುವ ಜಾಗದ ನಟ್ಟನಡುವೆ ಹೊರಪದರವನ್ನು ತೂರಿ ಹೊಲಿಗೆ ಹೋಗಿದ್ದರೆ ಅಲ್ಲೇ ಸೋರುತ್ತದೆ. ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕಿನಲ್ಲಿ ಹೊಲಿಯುವ ಹೆಣ್ಣುಮಕ್ಕಳು ಯಾರಾದರೂ ಪರಿಚಯವಿದ್ದರೆ ಒಮ್ಮೆ ತೋರಿಸಿ, ತಿರುಗಿಸಿ ನೋಡಿದ ಕೂಡಲೇ ಹೇಳುತ್ತಾರೆ.

• ಎಷ್ಟು ಸೋರುತ್ತದೆ ಎಂದು ಅಳೆಯಿರಿ. ಒಣ ಬಟ್ಟೆಯನ್ನು ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿ, ಬಳಸಿದ ಮೇಲೆ ಮತ್ತೆ ತೂಗಿ. ಹೆಚ್ಚಿದ ಒಂದು ಗ್ರಾಂ ಎಂದರೆ ಸುಮಾರು ಒಂದು ಮಿಲಿಲೀಟರ್. ಡಬ್ಬಿಯ ಮೇಲೆ ಬರೆದ ಅಳತೆ ಇದಕ್ಕಿಂತ ಸಾಕಷ್ಟು ಹೆಚ್ಚಿರಲಿ. ಕೆಮ್ಮಿದಾಗ, ನಕ್ಕಾಗ, ಭಾರ ಎತ್ತಿದಾಗ ಸ್ವಲ್ಪ ಸೋರುವವರಿಗೆ ಇದು ಸಾಕು. ಮೂತ್ರ ಪೂರ್ತಿ ಹೋಗಿಬಿಡುವವರಿಗೆ ಸಾಲದು. ಅವರಿಗೆ ಹೆಚ್ಚು ಹೀರುವ ಪ್ಯಾಡ್ ಅಥವಾ ಡಯಾಪರ್ ಬೇಕು.

• ಸೊಂಟದ ಜೊತೆ ತೊಡೆಯ ಅಳತೆಯೂ ಬೇಕು. ಸೋರುವುದು ಹೆಚ್ಚಾಗಿ ತೊಡೆಯ ಅಂಚಿನಲ್ಲಿ. ಬಿಗಿ ಹೆಚ್ಚಾದರೆ ಚರ್ಮ ಕೆಂಪಾಗುತ್ತದೆ.

• ಮೊದಲು ಒಂದೇ ಒಂದು ಕೊಳ್ಳಿ. ಮನೆಯಲ್ಲಿ ಒಂದು ದಿನ ಹಾಕಿ ನೋಡಿ. ಸರಿಹೋದರೆ ಇನ್ನಷ್ಟು ತನ್ನಿ. ಮಳೆಗಾಲದಲ್ಲಿ ಒಣಗಲು ಹೊತ್ತು ಬೇಕು, ಆ ಲೆಕ್ಕವೂ ಇರಲಿ.

ಬ್ಲೀಚಿಂಗ್ ಪುಡಿಯಲ್ಲಿ ನೆನೆಸಬಹುದೇ? ಬೇಡ

ಮೂತ್ರದ ಬಟ್ಟೆಯನ್ನು ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿದರೆ ಕ್ರಿಮಿ, ವಾಸನೆ ಎರಡೂ ಹೋಗುತ್ತವೆ ಎಂದು ಹಲವರು ನಂಬುತ್ತಾರೆ. ಮ್ಯಾಕಿಂಟಾಶ್ ಬದುಕಿನ ಎರಡು ಕೆಲಸಗಳು ಇಲ್ಲಿ ಒಂದಕ್ಕೊಂದು ಶತ್ರು. ಬ್ಲೀಚ್ ಆ ನೀರು ಬಿಡದ ಪದರವನ್ನೂ ಎಲಾಸ್ಟಿಕ್ಕನ್ನೂ ಕೆಡಿಸುತ್ತದೆ. ಇನ್ನೊಂದು ದೊಡ್ಡ ಅಪಾಯವೂ ಇದೆ. ಹಳಸಿದ ಮೂತ್ರದಲ್ಲಿ ಅಮೋನಿಯಾ ಇರುತ್ತದೆ ಎಂದೆವಲ್ಲ, ಅದು ಬ್ಲೀಚ್ ಜೊತೆ ಸೇರಿದರೆ ಕ್ಲೋರಮೈನ್ ಎಂಬ ಅನಿಲ ಹೊರಡುತ್ತದೆ. ಕಣ್ಣು, ಗಂಟಲು ಉರಿಯುತ್ತವೆ, ಉಸಿರಾಟಕ್ಕೆ ತೊಂದರೆಯಾಗುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅಸ್ತಮಾ ಇರುವವರಿಗೆ ಇದು ಇನ್ನೂ ಕೆಟ್ಟದ್ದು.

ಸರಿಯಾದ ವಿಧಾನ ಸುಲಭ. ಬಿಚ್ಚಿದ ಕೂಡಲೇ ತಣ್ಣೀರಿನಲ್ಲಿ ಜಾಲಿಸಿ. ಸಾಮಾನ್ಯ ಸೋಪಿನ ಪುಡಿಯಲ್ಲಿ ಒಗೆದು ಚೆನ್ನಾಗಿ ಹಿಂಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ಬಟ್ಟೆಯಲ್ಲೇ ಉಳಿಯುತ್ತದೆ, ಇನ್ನೊಂದು ಸಲ ಜಾಲಿಸಿ. ಬಟ್ಟೆ ಮೃದುವಾಗಿಸುವ ದ್ರವ ಹಾಕಿದರೆ ಹೀರುವ ಶಕ್ತಿ ಕುಗ್ಗುತ್ತದೆ. ಕುದಿಸುವುದು, ಇಸ್ತ್ರಿ ಮಾಡುವುದು ಬೇಡ. ನಾಚಿಕೆಯಿಂದ ಸೀರೆಯ ಅಡಿ ಮುಚ್ಚಿ ಒಣಹಾಕಿದರೆ ತೇವ ಉಳಿದು ವಾಸನೆ, ಬೂಸಲು ಬರುತ್ತವೆ. ಗಾಳಿ ಬೆಳಕಿಗೆ ಹಾಕಿ.

ನೀರು ಕುಡಿಯುವುದು ನಿಲ್ಲಿಸಿದರೆ ಸೋರಿಕೆ ನಿಲ್ಲುತ್ತದೆಯೇ? ಇಲ್ಲ

ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕು, ಮದುವೆಗೆ ಹೋಗಬೇಕು ಎಂದು ಬೆಳಗಿನಿಂದ ನೀರೇ ಕುಡಿಯದವರಿದ್ದಾರೆ. ನೀರು ತೀರಾ ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆ ಬರುತ್ತದೆ, ಸೋಂಕಿಗೂ ದಾರಿ. ಸೋರಿಕೆ ಹೆಚ್ಚಲೂಬಹುದು. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರ್ ಹೇಳಿದ ಅಳತೆಯಲ್ಲಿ ಕುಡಿಯಬೇಕು.

ಒಳಉಡುಪು ಒದ್ದೆಯನ್ನು ಮುಚ್ಚುತ್ತದೆ, ಕಾರಣವನ್ನು ವಾಸಿ ಮಾಡುವುದಿಲ್ಲ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಹೆರಿಗೆಯ ನಂತರ ಸಡಿಲವಾದ ಸ್ನಾಯು, ಗಂಡಸರಲ್ಲಿ ಊದಿದ ಪ್ರಾಸ್ಟೇಟ್, ಕೆಲವು ಮಾತ್ರೆಗಳು ಕೂಡ ಕಾರಣ ಇರಬಹುದು. ಹಲವಕ್ಕೆ ವ್ಯಾಯಾಮ, ಔಷಧಿ, ಚಿಕಿತ್ಸೆ ಇದೆ. ಒಮ್ಮೆ ಡಾಕ್ಟರಿಗೆ ತೋರಿಸಿ. ಮೂತ್ರದಲ್ಲಿ ರಕ್ತ, ಉರಿ, ಜ್ವರ ಇದ್ದರೆ ತಡ ಮಾಡಬೇಡಿ. ಇದ್ದಕ್ಕಿದ್ದಂತೆ ಹಿಡಿತ ತಪ್ಪಿ ಕಾಲುಗಳಲ್ಲಿ ಬಲ ಕಡಿಮೆಯಾದರೆ ಅದು ತುರ್ತು, ಆಗಲೇ ಆಸ್ಪತ್ರೆಗೆ ಹೋಗಿ.

ಮನೆಯ ಹಿರಿಯರೊಬ್ಬರು ಈಚೆಗೆ ಕಾರಣ ಹೇಳದೆ ಮದುವೆ, ಜಾತ್ರೆ ತಪ್ಪಿಸುತ್ತಿದ್ದರೆ ಇದೂ ಕಾರಣ ಇರಬಹುದು. ಎಲ್ಲರೆದುರು ಕೇಳಬೇಡಿ. ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ. ಈ ಲೇಖನವನ್ನು ಗ್ರೂಪಿಗೆ ಹಾಕುವ ಬದಲು, ಬೇಕಾದವರ ಪಕ್ಕ ಕೂತು ನೀವೇ ಓದಿ ಹೇಳಿದರೆ ಇನ್ನೂ ಒಳ್ಳೆಯದು.