ಗಾಸ್ ಕೂಡಿಸಿದ ರೀಡಿಂಗ್‌ಗಳು
ನಮಗೆಲ್ಲ ಗಾಸ್ ಅಂದ್ರೆ ಫಸ್ಟ್ ಇಯರ್ ಮ್ಯಾಥ್ಸ್‌ನ ಎಲಿಮಿನೇಷನ್ ಅಷ್ಟೇ. ಜರ್ಮನಿಯ ಬಡ ಮನೆಯೊಂದರಲ್ಲಿ 1777ರಲ್ಲಿ ಹುಟ್ಟಿದ ಇವರು 1807ರಲ್ಲಿ ಗಟಿಂಗೆನ್ ವೀಕ್ಷಣಾಲಯದ ನಿರ್ದೇಶಕರಾದರು. ಭೂಮಿಯ ಕಾಂತಕ್ಷೇತ್ರವನ್ನು ಒಂದೇ ಊರಲ್ಲಿ ಕೂತು ತಿಳಿಯೋಕಾಗಲ್ಲ. ಅದಕ್ಕೇ 1830ರ ದಶಕದಲ್ಲಿ ವೆಬರ್ ಜೊತೆ ಸೇರಿ ಕಾಂತ ಸಂಘ ಕಟ್ಟಿದರು. ಗೊತ್ತುಮಾಡಿದ ದಿನ ಎಲ್ಲ ಊರಿನವರೂ ಗಟಿಂಗೆನ್ ಸಮಯಕ್ಕೇ ಐದೈದು ನಿಮಿಷಕ್ಕೊಮ್ಮೆ ರೀಡಿಂಗ್ ತಗೊಂಡು ಕಳಿಸುತ್ತಿದ್ದರು. ಅವನ್ನು ಅಚ್ಚು ಹಾಕಿಸಿ ಹಂಚಿದರು. ಹಲವು ಕಡೆಯ ಅಳತೆಗಳಿಂದ, ಕ್ಷೇತ್ರದ ಬಹುಪಾಲು ಭೂಮಿಯ ಒಳಗಿಂದಲೇ ಬರುತ್ತೆ ಅಂತ 1839ರಲ್ಲಿ ತೋರಿಸಿದರು.

1855ರಲ್ಲಿ ಗಾಸ್ ತೀರಿಕೊಂಡರು. ಆದ್ರೆ ಜೂನೋ ನೌಕೆ ಗುರುಗ್ರಹದಲ್ಲಿ ಅಳೆದ ಕಾಂತಕ್ಷೇತ್ರದ ಡೇಟಾ ಇವತ್ತು ನಾಸಾ ಆರ್ಕೈವ್‌ನಲ್ಲಿ ಎಲ್ಲರಿಗೂ ಸಿಗುತ್ತೆ. ಅದರಿಂದ ಕಟ್ಟಿದ ಮಾಡೆಲ್‌ನಲ್ಲಿರೋದೂ ಗಾಸ್ ಕೊಎಫಿಶಿಯೆಂಟ್‌ಗಳೇ. ನಮ್ಮ ಪ್ರಾಜೆಕ್ಟ್ ರೀಡಿಂಗ್‌ಗಳನ್ನೂ ಟೈಮು, ಯೂನಿಟ್ಟು ಸಮೇತ ಬರೆದಿಟ್ಟರೆ, ಜೂನಿಯರ್‌ಗಳು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಿಲ್ಲ.